ಶೇಕಡಾವಾರು ತೋರಿಸಿ ಮಾಧ್ಯಮವನ್ನು ದೂರುವವರಿಗೆ

ಪಾಲಕ ಬಂಧುಗಳೇ,

ಪರೀಕ್ಷಾ ಫಲಿತಾಂಶ ಬಂದ ವಾರ ನಿಮ್ಮ ಮನೆಗೂ ಯಾರಾದರೂ ಹಿತೈಷಿಗಳು ಬಂದು ಹೇಳಿಯಾರು: "ಕನ್ನಡ ತರಗತಿಯಲ್ಲಿ ಶೇ. 67, ಪಕ್ಕದ ತರಗತಿಯಲ್ಲಿ ಶೇ. 83. ಇನ್ನೂ ಮಗುವನ್ನು ಅಲ್ಲೇ ಬಿಡುತ್ತೀರಾ?" ಅವರನ್ನು ಕೂರಿಸಿ, ಚಹಾ ಕೊಡಿ, ಒಂದೇ ಪ್ರಶ್ನೆ ಕೇಳಿ: ಎಷ್ಟು ಮಕ್ಕಳಲ್ಲಿ ಎಷ್ಟು ಮಂದಿ?

ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ. ಎರಡೂ ತರಗತಿಗಳಲ್ಲಿ 12 ಮಕ್ಕಳು. ಇಲ್ಲಿ ಪಾಸಾದವರು 8, ಅಲ್ಲಿ 10. ಇಷ್ಟು ಗದ್ದಲಕ್ಕೆ ಕಾರಣವಾದ ಅಂತರ ಇಬ್ಬರು ಮಕ್ಕಳದು! ಒಬ್ಬನಿಗೆ ಜ್ವರ ಬಂದು, ಇನ್ನೊಬ್ಬಳಿಗೆ ಬಸ್ಸು ತಪ್ಪಿದರೂ ಇಷ್ಟಾಗುತ್ತದೆ.

ಇಂಥ ಅಂತರ ಬರಿಯ ಆಕಸ್ಮಿಕವೇ ಎಂದು ಅಳೆಯಲು ಕಾರ್ಲ್ ಪಿಯರ್ಸನ್ 1900ರಲ್ಲಿ ಕೈ-ವರ್ಗ ಪರೀಕ್ಷೆಯನ್ನು ಕೊಟ್ಟರು. ಒಟ್ಟು 24 ಮಕ್ಕಳಲ್ಲಿ 18 ಮಂದಿ ಪಾಸು. ತರಗತಿಯಿಂದ ವ್ಯತ್ಯಾಸವಿಲ್ಲವಾದರೆ ಒಂದೊಂದರಲ್ಲೂ 9 ಪಾಸು, 3 ನಪಾಸು ನಿರೀಕ್ಷಿಸಬೇಕು. ನಿಜ ಸಂಖ್ಯೆಗೂ ನಿರೀಕ್ಷೆಗೂ ಇರುವ ಅಂತರವನ್ನು ವರ್ಗಮಾಡಿ, ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ, ನಾಲ್ಕೂ ಮನೆಗಳದ್ದನ್ನು ಕೂಡಿಸಿ. ಬರುವುದು 0.89. ಆಕಸ್ಮಿಕವಲ್ಲ ಎನ್ನಲು ರೂಢಿಯ ಶೇ. 5ರ ಮಟ್ಟದಲ್ಲಿ ದಾಟಬೇಕಾದ ಗೆರೆ 3.84. ಹತ್ತಿರವೂ ಇಲ್ಲ. ಲೈಕ್ಲಿಹುಡ್ ರೇಶಿಯೋ ಪರೀಕ್ಷೆಯ ದಾರಿ ಬೇರೆ: ಎರಡು ತರಗತಿಗೂ ಒಂದೇ ದರ ಎಂಬ ಊಹೆಗಿಂತ ಬೇರೆ ಬೇರೆ ದರ ಎಂಬ ಊಹೆ ಈ ಫಲಿತಾಂಶಕ್ಕೆ ಎಷ್ಟು ಹೆಚ್ಚು ಒಪ್ಪುತ್ತದೆಂದು ಅದು ತೂಗುತ್ತದೆ. ಅದರಲ್ಲಿ ಬರುವುದು 0.90, ಗೆರೆ ಅದೇ. (ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆಯಿದ್ದರೆ ಈ ಎರಡನ್ನೂ ಪೂರ್ತಿ ನಂಬಬಾರದು. ನಮ್ಮ ಸಣ್ಣ ಶಾಲೆಗಳನ್ನು ದೂರುವವರು ಇದನ್ನಂತೂ ಹೇಳುವುದೇ ಇಲ್ಲ.)

ಹಾಗೆಂದು "ಎರಡೂ ಸಮವೆಂದು ಸಾಬೀತಾಯಿತು" ಎಂದು ನಮ್ಮವರು ಕುಣಿಯುವುದೂ ಸಲ್ಲದು. ಸಾಬೀತಾದದ್ದು ಏನೂ ಇಲ್ಲ. ಹೇಳಲು ಮಕ್ಕಳ ಸಂಖ್ಯೆ ಸಾಲದು, ಅಷ್ಟೆ. ಅದೇ ಶೇಕಡಾವಾರು 120 ಮಕ್ಕಳಲ್ಲಿ ಬಂದಿದ್ದರೆ, ಅಂದರೆ 80 ಮತ್ತು 100 ಪಾಸಾಗಿದ್ದರೆ, ಕೈ-ವರ್ಗ 8.89. ಆಗ ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ.

ಆಗಲಾದರೂ ತಪ್ಪು ಕನ್ನಡದ್ದೇ? ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಕಥೆ ಕೇಳಿ. 1973ರಲ್ಲಿ ಅಲ್ಲಿನ ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಹಾಕಿದ 8442 ಪುರುಷರಲ್ಲಿ ಶೇ. 44, 4321 ಮಹಿಳೆಯರಲ್ಲಿ ಶೇ. 35 ಮಂದಿಗೆ ಸೀಟು ಸಿಕ್ಕಿತು. ಕೈ-ವರ್ಗ 110ನ್ನೂ ದಾಟಿತು. ಸಂಶಯವೇ ಬೇಡ, ಪಕ್ಷಪಾತ ಎಂದು ತೋರುತ್ತಿತ್ತು. ವಿಭಾಗವಾರು ಬಿಡಿಸಿ ನೋಡಿದರೆ, ಅತಿ ದೊಡ್ಡ ಆರು ವಿಭಾಗಗಳ ಪೈಕಿ ನಾಲ್ಕರಲ್ಲಿ ಮಹಿಳೆಯರ ಪ್ರವೇಶ ದರವೇ ಹೆಚ್ಚು! ಸೀಟು ಸಿಗುವುದೇ ಕಷ್ಟವಾದ ವಿಭಾಗಗಳಿಗೆ ಹೆಚ್ಚು ಮಹಿಳೆಯರು ಅರ್ಜಿ ಹಾಕಿದ್ದರು. ಬಿಕೆಲ್ ಮತ್ತು ಸಂಗಡಿಗರು 1975ರಲ್ಲಿ ಇದನ್ನು ಪ್ರಕಟಿಸಿದರು. ಅಂತರವಿದೆ ಎಂದು ಪರೀಕ್ಷೆ ಹೇಳಿತ್ತು. ಏಕೆ ಎಂದು ಅದು ಹೇಳಿರಲಿಲ್ಲ. ಹೇಳಲು ಅದಕ್ಕೆ ಬರುವುದೂ ಇಲ್ಲ.

ಗಣಿತದ ಶಿಕ್ಷಕರೇ ಇಲ್ಲದ ತರಗತಿಯನ್ನೂ ಎಲ್ಲ ಹುದ್ದೆ ತುಂಬಿದ ತರಗತಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು, ಕೊರತೆಯ ಹೊಣೆಯನ್ನು ಮಗುವಿನ ಭಾಷೆಯ ತಲೆಗೆ ಕಟ್ಟುವುದು ಯಾವ ನ್ಯಾಯ?

ಮುಂದಿನ ಪಾಲಕರ ಸಭೆಯಲ್ಲಿ ಶೇಕಡಾವಾರು ಓದಲು ಎದ್ದವರಿಂದ ಮೂಲ ಪಟ್ಟಿಯನ್ನೇ ಕೇಳಿ: ಪರೀಕ್ಷೆಗೆ ಕುಳಿತವರೆಷ್ಟು, ಪಾಸಾದವರೆಷ್ಟು, ವಿಷಯವಾರು ಎಷ್ಟು, ಆ ವಿಷಯಕ್ಕೆ ಆ ವರ್ಷ ಎಷ್ಟು ತಿಂಗಳು ಶಿಕ್ಷಕರಿದ್ದರು, ಪಠ್ಯಪುಸ್ತಕ ಕೈಸೇರಿದ್ದು ಯಾವ ತಿಂಗಳು. ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿ ಕೊಡಲಿ.