ಕೆಟ್ಟ ಸಿನಿಮಾ ಅನ್ನಿ, ಕಳ್ಳ ಸಿನಿಮಾ ಅನ್ನಬೇಡಿ

‘ರಟಟೋಯಿಂಗ್’ ಅನ್ನೋ ಸಿನಿಮಾ ನೋಡಿ ನಗೋದು ಎಷ್ಟೋ ವರ್ಷದಿಂದ ನಡೆದುಕೊಂಡು ಬಂದಿದೆ. ಅತಿ ಕೆಟ್ಟ ಕಾರ್ಟೂನ್ ಸಿನಿಮಾಗಳ ಮಾತು ಬಂದರೆ ಸಾಕು, ಈ ಬ್ರೆಜಿಲ್ ಸಿನಿಮಾದ ಹೆಸರು ಬರುತ್ತೆ. ನಗಲಿ, ಬೇಡ ಅನ್ನಲ್ಲ. ಆದರೆ ನಗುವಿನ ಜೊತೆಗೇ ‘ಇವರು ಕಳ್ಳರು’ ಅಂತ ಒಂದು ತೀರ್ಪನ್ನೂ ಕೊಟ್ಟುಬಿಡ್ತಾರಲ್ಲ, ನನ್ನ ತಕರಾರು ಅದಕ್ಕೆ.

ಗೊತ್ತಿಲ್ಲದವರಿಗೆ ಮೊದಲು ಹೇಳಿಬಿಡ್ತೀನಿ. 2007ರಲ್ಲಿ ಅಮೆರಿಕದ ಪಿಕ್ಸಾರ್ ಕಂಪನಿ ‘ರಟಟೂಯಿ’ ಸಿನಿಮಾ ಮಾಡಿತು. ಪ್ಯಾರಿಸ್ಸಿನ ದೊಡ್ಡ ಹೋಟೆಲಿನಲ್ಲಿ ಅಡುಗೆ ಮಾಡುವ ಇಲಿಯ ಕಥೆ. ಖರ್ಚು ಸುಮಾರು 15 ಕೋಟಿ ಡಾಲರ್. ಆಸ್ಕರ್ ಕೂಡ ಬಂತು. ಅದೇ ವರ್ಷ ಬ್ರೆಜಿಲ್ಲಿನ ಸಾವೊ ಪೌಲೊದ ‘ವಿಡಿಯೋ ಬ್ರಿಂಕೇಡೊ’ ಅನ್ನೋ ಸಣ್ಣ ಕಂಪನಿ, ರಿಯೋ ನಗರದಲ್ಲಿ ಹೋಟೆಲು ನಡೆಸುವ ಇಲಿಯ ಕಥೆ ಮಾಡಿ ನೇರ ಡಿವಿಡಿಗೆ ಬಿಟ್ಟಿತು. ಅದೇ ‘ರಟಟೋಯಿಂಗ್’. ಸುಮಾರು ಮುಕ್ಕಾಲು ಗಂಟೆಯ ಸಿನಿಮಾ. ಇದೇ ಕಂಪನಿ 2006ರಲ್ಲಿ ‘ಕಾರ್ಸ್’ ಬಂದಾಗ ಕಾರುಗಳ ಕಾರ್ಟೂನ್ ಮಾಡಿತ್ತು, 2008ರಲ್ಲಿ ‘ಕುಂಗ್ ಫು ಪಾಂಡ’ ಬಂದಾಗ ಕರಡಿಯ ಸಿನಿಮಾ ಮಾಡಿತು. ಇವರನ್ನು ಎಷ್ಟು ಗೇಲಿ ಮಾಡಿದ್ದಾರೆ ಅಂದ್ರೆ, ಕಾರ್ಟೂನ್ ನೆಟ್‌ವರ್ಕ್‌ನ ‘ಗಂಬಾಲ್’ ಸೀರಿಯಲ್ಲಿನಲ್ಲೂ ‘ಹೌ ಟು ರಟಟ್ವಾಂಗ್ ಯುವರ್ ಪಾಂಡ’ ಅಂತ ಒಂದು ಸುಳ್ಳು ಸಿನಿಮಾ ತೋರಿಸಿ ನಕ್ಕಿದ್ದಾರೆ.

ಈಗ ನ್ಯಾಯದ ಮಾತು. ‘ರಟಟೋಯಿಂಗ್’ ಕೆಲಸ ಚೆನ್ನಾಗಿಲ್ಲ. ಇಲಿಗಳ ಮುಖದಲ್ಲಿ ಭಾವ ಇಲ್ಲ, ಕೈಕಾಲು ಆಡೋದು ಕಡ್ಡಿ ಗೊಂಬೆ ಆಡಿದ ಹಾಗೆ. ತೋರಿಸಿದ್ದನ್ನೇ ಮತ್ತೆ ತೋರಿಸಿ ಸಮಯ ತುಂಬಿಸಿದ್ದಾರೆ. ಇದನ್ನೆಲ್ಲ ಹೇಳಿ, ಖಂಡಿತ ಹೇಳಿ. ಅದು ಕೆಲಸದ ಮೇಲಿನ ತೀರ್ಪು. ಆದರೆ ‘ನಕಲಿ’ ಅನ್ನೋದು ಕೆಲಸದ ಮೇಲಿನ ತೀರ್ಪಲ್ಲ, ಹುಟ್ಟಿನ ಮೇಲಿನ ತೀರ್ಪು. ನಕಲಿ ಅಂದ ಮೇಲೆ ಒಳಗೆ ಏನಿದೆ ಅಂತ ಯಾರೂ ನೋಡಲ್ಲ. ಹುಟ್ಟಿನ ಮೇಲೆ ತೀರ್ಪು ಕೊಡೋದು ಅಂದರೆ ಏನು ಅಂತ ನಮ್ಮ ಜನಕ್ಕೆ ಯಾರೂ ಪಾಠ ಹೇಳಬೇಕಿಲ್ಲ.

ಒಳಗೆ ಏನಿದೆ, ನೋಡೋಣ ಬನ್ನಿ.

ಪಿಕ್ಸಾರ್ ಸಿನಿಮಾದ ಇಲಿ ರೆಮಿ. ಅವನ ಕೈಗುಣ ಅದ್ಭುತ. ಆದರೆ ಅಡುಗೆಮನೆಯಲ್ಲಿ ಅವನು ಕಾಣಿಸೋ ಹಾಗಿಲ್ಲ. ಲಿಂಗ್ವಿನಿ ಅನ್ನೋ ಹುಡುಗನ ಟೋಪಿಯೊಳಗೆ ಬಚ್ಚಿಟ್ಟುಕೊಂಡು, ಅವನ ಕೂದಲು ಜಗ್ಗಿ ಜಗ್ಗಿ ಅಡುಗೆ ಮಾಡಿಸ್ತಾನೆ. ರುಚಿ ಇಲಿಯದು, ಹೆಸರು ಹುಡುಗನದು. ಪೇಪರಿನವರು ಬಂದು ಹೊಗಳೋದೂ ಹುಡುಗನನ್ನೇ. ಕೊನೆಗೆ ಸತ್ಯ ಹೇಳಿದಾಗ ಅಡುಗೆಮನೆಯವರೆಲ್ಲ ಕೆಲಸ ಬಿಟ್ಟು ಹೊರಗೆ ನಡೀತಾರೆ. ಇಲಿಗಳಿವೆ ಅಂತ ಆ ಹೋಟೆಲನ್ನೇ ಮುಚ್ಚಿಸ್ತಾರೆ. ಆಮೇಲೆ ಸುಖಾಂತ್ಯ. ಹೊಸ ಹೋಟೆಲು ತೆರೀತಾರೆ. ಅಲ್ಲಿ ಮನುಷ್ಯರು ಕೆಳಗೆ ಕೂತು ಊಟ ಮಾಡ್ತಾರೆ. ಇಲಿಗಳಿಗೆ ಮೇಲೆ ಅಟ್ಟದಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ, ಬೇರೆ ಜಾಗ.

ಬೇರೆ ಜಾಗ, ಬೇರೆ ಲೋಟ. ಎಲ್ಲೋ ಕೇಳಿದ ಹಾಗಿದೆ ಅಲ್ವಾ?

ರಿಯೋದ ಇಲಿಗೆ ಬನ್ನಿ. ಅವನ ಹೆಸರು ಮಾರ್ಸೆಲ್ ಟೋಯಿಂಗ್. ಇಡೀ ಊರಿಗೆ ಹೆಸರಾದ ಬಾಣಸಿಗ. ಹೋಟೆಲು ಅವನದೇ, ಬೋರ್ಡಿನ ಮೇಲಿರೋದೂ ಅವನದೇ ಹೆಸರು. ಊಟಕ್ಕೆ ಬರೋರೂ ಇಲಿಗಳೇ. ಅವನು ಯಾರ ಟೋಪಿಯೊಳಗೂ ಕೂರಲ್ಲ, ಯಾರ ಒಪ್ಪಿಗೆಗೂ ಕಾಯಲ್ಲ. ವಾರಕ್ಕೊಮ್ಮೆ ಕ್ಯಾರಲ್, ಗ್ರೆಗ್ ಅನ್ನೋ ತನ್ನ ಜೊತೆಗಾರರನ್ನು ಕಟ್ಟಿಕೊಂಡು ಮನುಷ್ಯರ ಹೋಟೆಲಿನ ಅಡುಗೆಮನೆಗೆ ನುಗ್ಗಿ ತಾಜಾ ಸಾಮಾನು ಎತ್ತಿಕೊಂಡು ಬರ್ತಾನೆ. ಅವನ ಅಡುಗೆಯ ಗುಟ್ಟು ತಿಳಿಯೋಕೆ ಎದುರಾಳಿ ಹೋಟೆಲಿನವರು ಬೆನ್ನು ಹತ್ತುತ್ತಾರೆ.

ಪಿಕ್ಸಾರ್ ಸಿನಿಮಾ ರೆಮಿಗೆ ‘ಕದಿಯಬೇಡ’ ಅಂತ ಬುದ್ಧಿ ಹೇಳುತ್ತೆ. ರಿಯೋ ಸಿನಿಮಾ ಅಂಥ ಉಪದೇಶಕ್ಕೆ ಹೋಗಲ್ಲ. ಮನುಷ್ಯರ ಊರಿನಲ್ಲಿ ಇಲಿಗೆ ಅಂಗಡಿಯವನು ಸಾಮಾನು ಮಾರ್ತಾನಾ? ಇಬ್ಬರಲ್ಲಿ ಯಾರ ಕೆಲಸ ಚಂದ ಅಂದ್ರೆ ಪಿಕ್ಸಾರ್‌ನವರದೇ. ಆದರೆ ಇಲಿಗೆ ಮರ್ಯಾದೆ ಎಲ್ಲಿ ಸಿಕ್ಕಿದೆ ಅಂದ್ರೆ ರಿಯೋದಲ್ಲಿ. ಈ ವ್ಯತ್ಯಾಸ ಇರೋವಾಗ ‘ಅದನ್ನೇ ಕದ್ದು ಮಾಡಿದ್ದಾರೆ’ ಅನ್ನೋದು ಸಿನಿಮಾ ನೋಡದೆ ಆಡುವ ಮಾತು.

ನಾನು ಕಚೇರಿಯಲ್ಲಿ ಗುಮಾಸ್ತ. ಕಡತಕ್ಕೆ ಟಿಪ್ಪಣಿ ಬರೆಯೋದು ನಾನು, ಮೀಟಿಂಗಿನಲ್ಲಿ ಅದನ್ನು ತನ್ನ ಮಾತು ಅಂತ ಓದೋದು ಮೇಲಿನವರು. ಟೋಪಿಯೊಳಗಿನ ಇಲಿಯ ಪಾಡು ನನಗೆ ಸಿನಿಮಾದಿಂದ ಗೊತ್ತಾಗಿದ್ದಲ್ಲ. ನಮ್ಮ ರಾಜ್ಯದಲ್ಲೇ ಬಿಸಿಯೂಟಕ್ಕೆ ದಲಿತ ಹೆಣ್ಣುಮಗಳು ಅಡುಗೆಗೆ ಬಂದಳು ಅಂತ ಮಕ್ಕಳನ್ನು ಊಟ ಬಿಡಿಸಿದ, ಶಾಲೆಯನ್ನೇ ಬಿಡಿಸಿದ ಸುದ್ದಿಗಳನ್ನು ಓದಿದ್ದೀವಿ. ಯಾರು ಬೇಕಾದರೂ ಅಡುಗೆ ಮಾಡಬಹುದು ಅನ್ನೋ ಪಿಕ್ಸಾರ್ ಸಿನಿಮಾದ ಮಾತಿಗೆ ಚಪ್ಪಾಳೆ ತಟ್ಟೋದು ಸುಲಭ. ಯಾರು ಮಾಡಿದ್ದು ಅಂತ ತಿಳಿದ ಮೇಲೂ ತಟ್ಟೆ ಮುಂದೆ ಕೂರ್ತೀರಾ ಅನ್ನೋದು ಪ್ರಶ್ನೆ.

ಇನ್ನು ಕಳ್ಳತನದ ವಿಚಾರ. ಮಾತಾಡಲೇಬೇಕು ಅಂದ್ರೆ ಪೂರ್ತಿ ಮಾತಾಡೋಣ.

2006ರಲ್ಲಿ ಪಿಕ್ಸಾರನ್ನು ಕೊಂಡಿದ್ದು ಡಿಸ್ನಿ. ಡಿಸ್ನಿಯ ಮಿಕ್ಕಿ ಇಲಿ ಹೆಸರು ಮಾಡಿದ್ದು 1928ರ ‘ಸ್ಟೀಂಬೋಟ್ ವಿಲ್ಲಿ’ಯಿಂದ. ಅದೇ ವರ್ಷ, ಕೆಲವು ತಿಂಗಳ ಮುಂಚೆ, ಬಸ್ಟರ್ ಕೀಟನ್‌ನ ‘ಸ್ಟೀಂಬೋಟ್ ಬಿಲ್ ಜೂನಿಯರ್’ ಬಂದಿತ್ತು. ಬಿಲ್ ಹೋಗಿ ವಿಲ್ಲಿ ಬಂದ. ದೊಡ್ಡವರ ಸಿನಿಮಾದ ಹೆಸರಿಗೆ ಹೆಸರು ತಾಗಿಸಿ ಅದೇ ವರ್ಷ ಸಣ್ಣ ಸಿನಿಮಾ ಬಿಡೋದು. ಬ್ರೆಜಿಲ್‌ನವರು ಮಾಡಿದ್ದೂ ಇದನ್ನೇ ಅಲ್ವಾ ಸ್ವಾಮಿ? ಅಲ್ಲಿ ಅದು ಜಾಣತನ, ಚರಿತ್ರೆ. ಇಲ್ಲಿ ಮಾತ್ರ ಕಳ್ಳತನ. 1937ರ ‘ಸ್ನೋ ವೈಟ್’ ಕಥೆಯೂ ಡಿಸ್ನಿಯ ಮನೆಯದಲ್ಲ, ಗ್ರಿಮ್ ಸೋದರರು ಸಂಗ್ರಹಿಸಿದ್ದ ಜನಪದ ಕಥೆ.

ಸಾಲಮನ್ ಲಿಂಡಾ ಅಂತ ದಕ್ಷಿಣ ಆಫ್ರಿಕಾದ ಜುಲು ಹಾಡುಗಾರ. 1939ರಲ್ಲಿ ‘ಎಂಬುಬೆ’ ಅನ್ನೋ ಹಾಡನ್ನು ಕಟ್ಟಿ ಹಾಡಿದ. ಅವನಿಗೆ ಸಿಕ್ಕಿದ್ದು 10 ಶಿಲಿಂಗ್. ಆ ರಾಗ ಅಮೆರಿಕಕ್ಕೆ ಹೋಗಿ ಬೇರೆ ಹೆಸರು, ಬೇರೆ ಮಾತು ಹೊತ್ತು ಜಗತ್ತೆಲ್ಲ ಸುತ್ತಿತು. ಲಿಂಡಾ 1962ರಲ್ಲಿ ಬಡವನಾಗಿಯೇ ಸತ್ತ. 1994ರ ‘ಲಯನ್ ಕಿಂಗ್’ನಲ್ಲೂ ಅದೇ ಹಾಡು. ಕಂಪನಿಗಳ ನಡುವೆ ಪರವಾನಗಿ, ಸಹಿ, ಮೊಹರು ಎಲ್ಲ ನಡೆದಿತ್ತು. ಆದರೆ ಆ ಕಾಗದದಲ್ಲಿ ಹಾಡು ಕಟ್ಟಿದವನ ಮಕ್ಕಳಿಗೆ ಜಾಗ ಇರಲಿಲ್ಲ. 2004ರಲ್ಲಿ ಅವರ ಕಡೆಯಿಂದ ಡಿಸ್ನಿಯ ಮೇಲೆ ದಾವೆ ಹೂಡಿದ ಮೇಲೆ, 2006ರಲ್ಲಿ ರಾಜಿಯಾಗಿ ಅವರಿಗೆ ದುಡ್ಡು ಬಂತು. ‘ಲಯನ್ ಕಿಂಗ್’ ಅನ್ನು ಯಾರಾದರೂ ಕಳ್ಳ ಸಿನಿಮಾ ಅಂತ ಕರೆದಿದ್ದು ಕೇಳಿದ್ದೀರಾ?

ಇನ್ನೊಂದಿದೆ. ಒಬ್ಬರ ಕೆಲಸಗಾರರನ್ನು ಇನ್ನೊಬ್ಬರು ಕರೆಯೋ ಹಾಗಿಲ್ಲ ಅಂತ ದೊಡ್ಡ ಸ್ಟುಡಿಯೋಗಳು ಒಳಗೊಳಗೇ ಮಾತಾಡಿಕೊಂಡು ನಮ್ಮ ಸಂಬಳ ಏರದ ಹಾಗೆ ಮಾಡಿವೆ ಅಂತ ಅಮೆರಿಕದ ಅನಿಮೇಷನ್ ಕೆಲಸಗಾರರು ಕೋರ್ಟಿಗೆ ಹೋದರು. 2017ರಲ್ಲಿ ಡಿಸ್ನಿ, ಪಿಕ್ಸಾರ್, ಲ್ಯೂಕಾಸ್‌ಫಿಲ್ಮ್ ಸೇರಿ 10 ಕೋಟಿ ಡಾಲರ್ ಕೊಟ್ಟು ರಾಜಿಗೆ ಒಪ್ಪಿದವು. ಡ್ರೀಮ್‌ವರ್ಕ್ಸ್ 5 ಕೋಟಿ ಕೊಟ್ಟಿತು. ‘ರಟಟೋಯಿಂಗ್’ ಮಾಡಿದವರು ಒಂದು ಐಡಿಯಾದ ನೆರಳಲ್ಲಿ ನಿಂತರು, ಅಷ್ಟೇ. ಕೆಲಸಗಾರರ ಸಂಬಳದ ಮೇಲೆ ಕೈಯಿಟ್ಟ ಆರೋಪ ಹೊತ್ತು ರಾಜಿ ಮಾಡಿಕೊಂಡವರನ್ನು ಮಾತ್ರ ‘ಕಲೆಯ ಕಾವಲುಗಾರರು’ ಅಂತೀರಿ.

‘ಗೊತ್ತಿಲ್ಲದ ತಂದೆತಾಯಿಗಳು ಮೋಸ ಹೋಗಿ ಡಿವಿಡಿ ಕೊಳ್ಳಲ್ವಾ?’ ಅಂತ ಕೆಲವರು ಕೇಳ್ತಾರೆ. ಪ್ರಶ್ನೆ ಸರಿಯಾಗಿದೆ. ಪಿಕ್ಸಾರ್ ಮಾಡಿದ ಸದ್ದಿನ ಮೇಲೆ ಇವರು ವ್ಯಾಪಾರ ಮಾಡಿದ್ದು ನಿಜ, ಆ ಜಾಹೀರಾತಿನ ಜಾಣತನವನ್ನು ನಾನು ಹೊಗಳಲ್ಲ. ಆದರೆ ತಮ್ಮದು ಪಿಕ್ಸಾರ್ ಸಿನಿಮಾ ಅಂತ ಇವರು ಸುಳ್ಳು ಹೆಸರು ಹಾಕಲಿಲ್ಲ. ಸಿನಿಮಾದ ಹೆಸರು ಬೇರೆ, ಊರು ಬೇರೆ, ಪಾತ್ರ ಬೇರೆ. ಮತ್ತೆ ಈ ಪ್ರಶ್ನೆ ಕೇಳೋರಲ್ಲಿ ಎಷ್ಟು ಜನ ಬಡವರ ಮನೆಯ ಮಗು ಏನು ನೋಡುತ್ತೆ ಅಂತ ಬೇರೆ ಯಾವತ್ತಾದರೂ ಚಿಂತೆ ಮಾಡಿದ್ದಾರೆ? ದೊಡ್ಡ ಕಂಪನಿಯ ಗಿರಾಕಿ ತಪ್ಪಿಹೋದ ಅನ್ನೋ ಸಂಕಟಕ್ಕೆ ಬಡ ತಂದೆತಾಯಿಗಳ ಹೆಸರು ಹೇಳಬೇಡಿ.

ಹೊಸದಾಗಿ ಕೈಹಾಕುವವರು ಮೊದಲು ಇನ್ನೊಬ್ಬರನ್ನು ನೋಡಿಯೇ ಮಾಡ್ತಾರೆ. ಕುಂಬಾರನ ಮಗ ಅಪ್ಪನ ಗಡಿಗೆ ನೋಡಿ ಮಾಡ್ತಾನೆ. ಮೊದಲನೆಯದು ಸೊಟ್ಟ ಆಗುತ್ತೆ. ಸೊಟ್ಟ ಆಗಿದೆ ಅಂತ ಹೇಳಿದರೆ ಅವನು ತಿದ್ದಿಕೊಳ್ಳಬಹುದು. ಕಳ್ಳ ಅಂದರೆ ಚಕ್ರದಿಂದಲೇ ಕೈ ತೆಗೀತಾನೆ. ಹಾಗೆ ಅಂದವರಿಗೆ ಬೇಕಾಗಿದ್ದೂ ಬಹುಶಃ ಅದೇ.

ಅದಕ್ಕೇ ಕೇಳ್ತಾ ಇದ್ದೀನಿ. ಮುಕ್ಕಾಲು ಗಂಟೆ ಕೂತು ಆ ಸಿನಿಮಾ ನೋಡಿ. ನಗು ಬಂದ ಕಡೆ ನಗಿ. ಬೇಜಾರಾದ ಕಡೆ ಬೈಯಿರಿ, ಅಂಕ ಕೊಡೋದಾದರೆ ಹತ್ತಕ್ಕೆ ಎರಡೇ ಕೊಡಿ, ನಂದೇನೂ ಅಡ್ಡಿ ಇಲ್ಲ. ಆದರೆ ನೋಡಿದ ಮೇಲೆ ಕೊಡಿ. ತನ್ನ ಹೋಟೆಲಿಗೆ ತನ್ನ ಹೆಸರು ಬರೆಸಿಕೊಂಡ ಇಲಿಯ ಮುಂದೆ ಕೂತು, ಅವನು ಬಡಿಸಿದ್ದನ್ನು ತಿಂದು, ಆಮೇಲೆ ಉಪ್ಪು ಕಮ್ಮಿ ಅನ್ನಿ.