ಹಿತ್ತಲಿಗೊಂದು ಚಪ್ಪರ



ಈ ಸಲ ಅಡುಗೆಮನೆ ಬಿಟ್ಟು ಹಿತ್ತಲಿಗೆ ಬರೋಣ. ನಿಮ್ಮಲ್ಲಿ ಕೆಲವರು ಪುಣೆಯ ಅಂಚಿನ ಬಡಾವಣೆಗಳಲ್ಲಿ ರೋ-ಹೌಸ್ ಕೊಂಡಿದ್ದೀರಿ. ಹಿಂದೆ 15 ಅಡಿಗೆ 10 ಅಡಿ ಖಾಲಿ ಜಾಗ. ಊರಿನಿಂದ ಅಜ್ಜ-ಅಜ್ಜಿಯರನ್ನು ಪ್ರೀತಿಯಿಂದ ಕರೆತಂದಿದ್ದೀರಿ. ಅಂಗಳ, ಜಗಲಿ, ಕೊಟ್ಟಿಗೆ ಎಂದು ದಿನವಿಡೀ ಓಡಾಡಿದ ಆ ಜೀವಗಳು ಇಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಟಿ.ವಿ. ಮುಂದೆ ಕೂತಿರುತ್ತವೆ. ಹಿತ್ತಲಿಗೆ ಹೋಗೋಣವೆಂದರೆ ಅಂಗಾಲು ಸುಡುತ್ತದೆ. ಒಂದು ನೆರಳಿದ್ದರೆ ಅದೇ ಜಾಗ ಅವರ ಜಗಲಿಯಾದೀತು.

ನಮ್ಮ ಕಡೆ ಇದಕ್ಕೆ ಚಪ್ಪರ ಎನ್ನುತ್ತೇವೆ, ಧಾರವಾಡ-ವಿಜಯಪುರದವರು ಹಂದರ ಎನ್ನುತ್ತಾರೆ. ಮಲೆನಾಡಿನಲ್ಲಿ ಮಳೆಗಾಲ ಮುಗಿದ ಮೇಲೆ ಅಂಗಳದಲ್ಲಿ ಕಂಬ ನೆಟ್ಟು, ಅಡಿಕೆ ದಬ್ಬೆ ಹಾಸಿ, ಮೇಲೆ ಸೋಗೆ ಹೊದಿಸುತ್ತಾರೆ. ಮಳೆ ಬರುವ ಮುಂಚೆ ಬಿಚ್ಚಿಡುತ್ತಾರೆ. ಬಿಸಿಲಿಗೆ ಬೇಕು, ಮಳೆಗೆ ಬೇಡ ಎಂಬ ಈ ಲೆಕ್ಕ ಪುಣೆಗೂ ಒಪ್ಪುತ್ತದೆ.

ಅಂಗಡಿಗೆ ಹೋಗುವ ಮುನ್ನ ಸೂರ್ಯನನ್ನು ನೋಡಿ. ಮೇ ತಿಂಗಳ ನಡುವೆ ಪುಣೆಯಲ್ಲಿ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ. ಆದ್ದರಿಂದ ಪಟ್ಟಿಗಳನ್ನು ನೆಟ್ಟಗೆ ನಿಲ್ಲಿಸಿ ಮಾಡಿದ ಬರಿಯ ಪರ್ಗೋಲಾ ಫೋಟೋದಲ್ಲಿ ಚೆಂದ, ಕೆಳಗೆ ಕೂತವರಿಗೆ ಬಿಸಿಲೇ. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳ ಚಪಲಕ್ಕೆ ಒಂದು ಮಾತು: ಪರ್ಗೋಲಾ ಇಟಲಿಯ ಶಬ್ದ, ಬಳ್ಳಿ ಹಬ್ಬಿಸುವ ಚೌಕಟ್ಟಿಗೆ ಅವರಿಟ್ಟ ಹೆಸರು. ಬಳ್ಳಿಯಿಲ್ಲದ ಪರ್ಗೋಲಾ ಎಂದರೆ ಸೋಗೆ ಹೊದಿಸದ ಚಪ್ಪರವೇ.

ಸಂಜೆಯ ಲೆಕ್ಕ ಬೇರೆ. ನಾಲ್ಕು ಗಂಟೆಗೆ ಸೂರ್ಯ ಪಶ್ಚಿಮಕ್ಕೆ ವಾಲಿದಾಗ 9 ಅಡಿ ಎತ್ತರದ ಚಪ್ಪರದ ನೆರಳು ಸುಮಾರು 10 ಅಡಿ ಪೂರ್ವಕ್ಕೆ ಸರಿದಿರುತ್ತದೆ. ಅಂದರೆ ನೆರಳು ಪಕ್ಕದ ಮನೆಯವರಿಗೆ, ಬಿಸಿಲು ನಿಮ್ಮ ಅಜ್ಜಿಗೆ! ಪಶ್ಚಿಮ ತೆರೆದಿರುವ ಹಿತ್ತಲಾದರೆ ಆ ಬದಿಗೆ ಬಿದಿರಿನ ಪರದೆಯನ್ನೋ ಲಾವಂಚದ ತಟ್ಟಿಯನ್ನೋ ಇಳಿಬಿಡಿ. ಲಾವಂಚಕ್ಕೆ ನೀರು ಚಿಮುಕಿಸಿದರೆ ಗಾಳಿ ತಂಪು, ಪರಿಮಳವೂ ಹೌದು.

ಇನ್ನು ಮೇಲಿನ ಹೊದಿಕೆ. ತಗಡು ಅಗ್ಗ, ಆದರೆ ಬಿಸಿಲಿಗೆ ಕಾದು ಕೆಳಗೆ ಕೂತವರ ತಲೆಗೇ ಕಾವು ಕೊಡುತ್ತದೆ, ಮಳೆಯಲ್ಲಿ ಮಾತು ಕೇಳಿಸದಷ್ಟು ಸದ್ದು. ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟು ಮಳೆಯನ್ನು ತಡೆದು ಬೆಳಕನ್ನು ಬಿಡುತ್ತದೆ ನಿಜ. ಬೆಳಕಿನ ಜೊತೆ ಕಾವೂ ಒಳಬರುತ್ತದೆ, ಸುತ್ತ ಗೋಡೆಯಿದ್ದರೆ ಹೊರಗೆ ಹೋಗುವುದಿಲ್ಲ. ಮಂಗಳೂರು ಹೆಂಚು ಉತ್ತಮ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಪಶ್ಚಿಮ ಕರಾವಳಿಯ ಉದ್ದಕ್ಕೂ ಹಬ್ಬಿದ ಹೆಂಚು ಅದು. ಆದರೆ ಒಂದೊಂದೂ ಎರಡು ಕಿಲೋ ದಾಟುತ್ತದೆ, ಗಟ್ಟಿ ಕಂಬ, ಇಳಿಜಾರು, ಬಡಗಿ ಎಲ್ಲವೂ ಬೇಕು. ಇಂಥ ಖಾಯಂ ಮಾಡು ಹಾಕುವ ಮೊದಲು ಸೊಸೈಟಿಯ ಒಪ್ಪಿಗೆ, ಪಾಲಿಕೆಯ ನಿಯಮ ಎರಡನ್ನೂ ವಿಚಾರಿಸಿ. ಕಟ್ಟಿದ ಮೇಲೆ ಕೆಡವುವ ಸಂಕಟ ಬೇಡ.

ಹೆಚ್ಚಿನ ಮನೆಗಳಿಗೆ ನನ್ನ ಮತ ಶೇಡ್ ನೆಟ್‌ಗೆ. ನರ್ಸರಿಗಳಲ್ಲಿ ನೀವು ನೋಡಿರುವ ಹಸಿರು ಬಲೆ ಅದೇ. 35, 50, 75, 90 ಶೇಕಡಾ ಎಂದು ಸಿಗುತ್ತದೆ, ಎಷ್ಟು ಬಿಸಿಲು ತಡೆಯುತ್ತದೆ ಎಂಬುದರ ಲೆಕ್ಕ ಅದು. ಗಿಡಗಳಿಗೆ 50 ಸಾಕು, ಮನುಷ್ಯರು ಕೂರುವುದಕ್ಕೆ 75 ಒಳ್ಳೆಯದು. ಬಿಸಿಗಾಳಿ ಅದರ ಕಣ್ಣುಗಳಿಂದ ಮೇಲೆ ಹೋಗಿಬಿಡುತ್ತದೆ. ಬಿಸಿಲಿಗೆ ಬೇಗ ಲಡ್ಡಾಗದಂತೆ ಯು.ವಿ. ರಕ್ಷಣೆ ಇರುವುದನ್ನೇ ಕೇಳಿ ಕೊಳ್ಳಿ. ಜಿ.ಐ. ಪೈಪಿನ ನಾಲ್ಕು ಕಂಬಗಳನ್ನು ಕಾಂಕ್ರೀಟಿನಲ್ಲಿ 2 ಅಡಿ ಹೂತು, ತಂತಿ ಬಿಗಿದು, ಅದಕ್ಕೆ ಬಲೆಯ ಅಂಚನ್ನು ಕಟ್ಟಿಸಿ. ಸಡಿಲ ಬಿಟ್ಟರೆ ಮೇ ತಿಂಗಳ ಸಂಜೆಯ ಬಿರುಗಾಳಿಗೆ ಪಟಪಟನೆ ಬಡಿದು ಹರಿಯುತ್ತದೆ. ಜೂನ್ ಮೊದಲ ವಾರ ಬಿಚ್ಚಿ, ತೊಳೆದು, ಮಡಚಿಡಿ. ಹೆಚ್ಚು ಬೇಸಿಗೆ ಬಾಳುತ್ತದೆ.

ಅದೇ ಕಂಬಗಳ ಒಂದು ಬದಿಗೆ ತೊಂಡೆ ಬಳ್ಳಿಯನ್ನೋ ಬಸಳೆಯನ್ನೋ ಹಬ್ಬಿಸಿ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ಆದರೆ ಹಿತ್ತಲ ಬಸಳೆಯ ಹುಳಿಗೆ ಸಾಟಿ ಯಾವುದು? ಬಳ್ಳಿಗೆ ನೀರು ಹಾಕುವುದು, ಕುಡಿ ತಿರುಗಿಸಿ ಕಟ್ಟುವುದು, ಕಾಯಿ ಕೊಯ್ಯುವುದು ಹಿರಿಯರಿಗೆ ದಿನದ ಕೆಲಸವಾಗುತ್ತದೆ. ಊರು ಬಿಟ್ಟು ಬಂದವರಿಗೆ ವಿಶ್ರಾಂತಿಗಿಂತ ಒಂದು ಕೆಲಸವೇ ಹೆಚ್ಚು ಬೇಕಾಗಿರುತ್ತದೆ ಎಂಬುದನ್ನು ಮರೆಯಬೇಡಿ.

ಕೊನೆಗೊಂದು ಮಾತು. ಕಂಬ ಎಲ್ಲಿ ನೆಡಬೇಕೆಂದು ಗುತ್ತಿಗೆದಾರನನ್ನು ಕೇಳುವ ಮುಂಚೆ ಮನೆಯ ಹಿರಿಯರನ್ನು ಕೇಳಿ. ಅವರು ಎಷ್ಟೋ ಚಪ್ಪರಗಳನ್ನು ಕಟ್ಟಿ, ಬಿಚ್ಚಿ ಕಂಡವರು. ಅಜ್ಜಿ ಚಪ್ಪರ ಎಂದರೆ ಚಪ್ಪರ, ಹಂದರ ಎಂದರೆ ಹಂದರ. ನೀವೂ ಅದನ್ನೇ ಹೇಳಿ, ನಿಮ್ಮ ಮಕ್ಕಳಿಗೂ ಆ ಮಾತು ಬಂದೀತು. ಮಾರ್ಚ್ ಹುಟ್ಟುವ ಮುನ್ನ ಕೆಲಸ ಮುಗಿಸಿ.