ಹೆಸರು ಬಚ್ಚಿಟ್ಟ ವೈಫೈ, ಪಾಪದ ಲಿನಕ್ಸ್ ಸರ್ವರ್

ವೈಫೈ ಹೆಸರನ್ನು ಬಚ್ಚಿಟ್ಟರೆ ಕಳ್ಳರು ಬರೋಲ್ಲ ಅನ್ನೋ ನಂಬಿಕೆ ನಮ್ಮ ಶಿವಾಜಿನಗರ, ಹಲಸೂರು ಕಡೆಯ ಸಣ್ಣ ಆಫೀಸುಗಳಲ್ಲಿ ಇನ್ನೂ ಗಟ್ಟಿಯಾಗಿದೆ. ನನ್ನ ಪ್ರಕಾರ ಇದು ಮನೆ ನಂಬರ್ ಅಳಿಸಿ, ಚಿಲಕ ಹಾಕದೆ ಮಲಗಿದ ಹಾಗೆ.

ಈಚೆಗೆ ಹಲಸೂರಿನ ಒಂದು ರಕ್ತಪರೀಕ್ಷೆ ಲ್ಯಾಬಿಗೆ ಹೋಗಿದ್ದೆ. ಉಬುಂಟು ಹಾಕಿದ ಹಳೇ ಡಬ್ಬಾ ಅವರ ಸರ್ವರ್, ರೋಗಿಗಳ ರಿಪೋರ್ಟೆಲ್ಲ ಅದರಲ್ಲೇ. ಕರೆಂಟ್ ಹೋಗಿ ಬಂದಾಗಲೆಲ್ಲ ನೆಟ್‌ವರ್ಕ್ ಸಿಗದೆ ಸುಮ್ಮನೆ ಕೂತುಬಿಡ್ತಿತ್ತು. "ವೈರಸ್ ಇರಬೇಕು ಸಾರ್" ಅಂದ್ರು. ವೈರಸ್ಸೂ ಇಲ್ಲ ಮಣ್ಣೂ ಇಲ್ಲ! ರೂಟರ್ ಸೆಕೆಂಡಿಗೆ ಸುಮಾರು 10 ಸಲ "ನಾನಿಲ್ಲಿದೀನಿ" ಅಂತ ಬೀಕನ್ ಕಳಿಸುತ್ತೆ. ಹೆಸರು ಬಚ್ಚಿಟ್ರೂ ಬೀಕನ್ ನಿಲ್ಲೋಲ್ಲ, ಅದರಲ್ಲಿ ಹೆಸರಿನ ಜಾಗ ಖಾಲಿ ಇರುತ್ತೆ ಅಷ್ಟೇ. ಆಗ ಸರ್ವರ್ರೇ ಹೆಸರು ಹಿಡಿದು ಕೂಗಬೇಕು. ಕೂಗು ಅಂತ ಲಿನಕ್ಸಿಗೆ ನಾವು ಹೇಳಿಕೊಡಬೇಕು. ಡಬ್ಲ್ಯುಪಿಎ ಸಪ್ಲಿಕಂಟ್ ಫೈಲಿನಲ್ಲಿ ಆ ನೆಟ್‌ವರ್ಕಿನ ಕೆಳಗೆ ಸ್ಕ್ಯಾನ್_ಎಸ್‌ಎಸ್‌ಐಡಿ=1; ನೆಟ್‌ವರ್ಕ್ ಮ್ಯಾನೇಜರ್ ಆದರೆ ಹಿಡನ್ ಯೆಸ್; ನೆಟ್‌ಪ್ಲಾನ್ ಆದರೆ ಹಿಡನ್ ಟ್ರೂ. ಒಂದೇ ಸಾಲು.

ತಮಾಷೆ ಇರೋದು ಮುಂದೆ. ಹೀಗೆ ಕೂಗೋ ಹೆಸರಿಗೆ ಯಾವ ಗೂಢಲಿಪಿಯೂ ಇಲ್ಲ, ಪಕ್ಕದಲ್ಲಿ ಕೂತು ಗಾಳಿ ಹಿಡಿಯೋನಿಗೆ ಬಿಡಿ ಅಕ್ಷರದಲ್ಲೇ ಸಿಗುತ್ತೆ. ಲ್ಯಾಬಿನ ಹುಡುಗರ ಲ್ಯಾಪ್‌ಟಾಪಿನಲ್ಲೂ ಇದೇ ಸೆಟ್ಟಿಂಗು. ಮೆಟ್ರೋದಲ್ಲಿ ಕೆ.ಆರ್. ಪುರ ಮುಟ್ಟೋವರೆಗೂ, ತೆರೆದಾಗಲೆಲ್ಲ ಅದು ಲ್ಯಾಬಿನ ವೈಫೈ ಹೆಸರು ಕೂಗ್ತಾನೇ ಇರುತ್ತೆ. ಬಚ್ಚಿಟ್ಟು ಡಂಗುರ ಸಾರೋದು ಅಂದ್ರೆ ಇದೇ :)

ಪಾಸ್‌ವರ್ಡ್ ನೋಡಿದಾಗ ಮಾತ್ರ ನಗು ನಿಂತುಹೋಯ್ತು. ಬೋರ್ಡಿನ ಮೇಲಿರೋ ಫೋನ್ ನಂಬರ್! "ಹೆಸರೇ ಕಾಣಲ್ವಲ್ಲ ಸಾರ್..." ಯಾರದೋ ಸಕ್ಕರೆ ಕಾಯಿಲೆ, ಯಾರದೋ ಎಚ್‌ಐವಿ ರಿಪೋರ್ಟು, ಎಲ್ಲದಕ್ಕೂ ಬೀದಿಗೆ ಕಾಣೋ ಹಾಗೆ ಬರೆದಿಟ್ಟ ಬೀಗದಕೈ. ಹೆಸರು ಬಚ್ಚಿಟ್ಟಿದ್ದಕ್ಕೆ ಬಂದ ಧೈರ್ಯ ಇದು, ನನ್ನ ಜಗಳವೆಲ್ಲ ಇದರ ಮೇಲೇ.

2014ರ ಜನವರಿಯಲ್ಲಿ ಎಂ.ಜಿ. ರಸ್ತೆ, ಇಂದಿರಾನಗರದ ಸಿ.ಎಂ.ಎಚ್. ರಸ್ತೆಗೆಲ್ಲ ಸರ್ಕಾರ 'ನಮ್ಮ ವೈಫೈ' ತಂದಾಗ ಹೆಸರು ತೋರಿಸಲೇಬೇಕಿತ್ತು, ಅದು ಊರಿನದು. ಲ್ಯಾಬಿನದು ಊರಿನದಲ್ಲ, ಒಪ್ಪಿದೆ. ಆದ್ರೆ ಊರನ್ನ ಹೊರಗಿಡೋದು ಉದ್ದನೆಯ ಪಾಸ್‌ವರ್ಡು, ಡಬ್ಲ್ಯುಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ3, ಗಿರಾಕಿಗಳಿಗೆ ಬೇರೆ ನೆಟ್‌ವರ್ಕು.

ಅಷ್ಟಕ್ಕೂ ಜಾಗ ಬಿಟ್ಟು ಕದಲದ ಸರ್ವರಿಗೆ ವೈಫೈ ಯಾಕ್ರೀ ಬೇಕು? ಎಸ್.ಪಿ. ರೋಡಿಗೆ ಹೋದ್ರೆ ಬೇಕಾದಷ್ಟು ಉದ್ದದ ಕೇಬಲ್ ಕತ್ತರಿಸಿ ಕೊಡ್ತಾರೆ. ಬಾಡಿಗೆ ಕಟ್ಟಡ, ಗೋಡೆ ಕೊರೆಯೋಕೆ ಓನರ್ ಬಿಡಲ್ಲ ಅನ್ನೋರು ಮಾತ್ರ ಆ ಒಂದು ಸಾಲು ಬರೆದುಕೊಳ್ಳಿ.